ಉಂಡ ಮೇಲೆ ಹೇಳುವ ಸುದ್ದಿ

ಜಟ್ಟಿಂಗಪ್ಪ ತೀರಿಕೊಂಡ ಮೇಲೆ ಸಾಗರದಲ್ಲಿ ಮಾಜಿ ಸೈನಿಕರೆಲ್ಲ ಸೇರಿ ಅವನ ನೆನಪಿಗೆ ಒಂದು ಸಭೆ ಮಾಡಿದರು. ಮಿಲಿಟರಿ ಟೋಪಿ ಹಾಕಿಕೊಂಡ ಹಳೆಯ ಫೋಟೊಗೆ ಹಾರ ಹಾಕಿ, ಮೌನ ಆಚರಿಸಿ, ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಎಲ್ಲರ ಬಾಯಲ್ಲೂ ಒಂದೇ ರಾಗ: ತುಂಬು ಜೀವನ, ಸಾರ್ಥಕ ಬದುಕು. ಎರಡು ಯುದ್ಧ ಕಂಡವನು, ಮೂವತ್ತು ವರ್ಷ ಬಸ್ಸು ಓಡಿಸಿದರೂ ಒಂದು ಕೋಳಿಯ ಮೇಲೂ ಚಕ್ರ ಹತ್ತಿಸದವನು, ತಮ್ಮ ತಂಗಿಯರನ್ನು ದಡ ಸೇರಿಸಿ ಆಮೇಲೆ ತನ್ನ ಸಂಸಾರ ನೋಡಿಕೊಂಡವನು. ಎಂಬತ್ತನಾಲ್ಕು ವರ್ಷ ಬಾಳಿದ, ಇನ್ನೇನು ಬೇಕು ಮನುಷ್ಯನಿಗೆ ಎಂದರು. ಕೊನೆಗೆ ನನ್ನ ಹೆಸರು ಕರೆದರು. ಅವನ ಬಸ್ಸಿನಲ್ಲಿ ಅಷ್ಟು ವರ್ಷ ಕಂಡಕ್ಟರ್ ಆಗಿದ್ದವನು ಈ ಹೂವಯ್ಯ, ಎರಡು ಮಾತಾಡಲಿ ಎಂದು. ಮೈಕಿನ ಮುಂದೆ ನಿಂತರೆ ನನ್ನ ಬಾಯಿಂದ ಬೈಗುಳವಲ್ಲದೆ ಬೇರೆ ಬರುವುದಿಲ್ಲ ಎಂದು ಗೊತ್ತಿತ್ತು. ಗಂಟಲು ಸರಿಯಿಲ್ಲ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಬದುಕಿನ ಕೊನೆಯ ಪುಟ್ಟ ತುಂಡೊಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಅಷ್ಟು ಉದ್ದದ ಬದುಕಿಗೆ ಹುಳಿ ಹಿಂಡಲು ಆ ತುಂಡೇ ಸಾಕಾಯಿತು.

ಜಟ್ಟಿಂಗಪ್ಪ ಹುಟ್ಟಿದ ಊರು ಈಗ ಲಿಂಗನಮಕ್ಕಿಯ ಹಿನ್ನೀರಿನಡಿಯಲ್ಲಿದೆ. ಅವನು ಸೈನ್ಯ ಸೇರಿ ಎಲ್ಲೋ ಹಿಮದ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದಾಗ ಇಲ್ಲಿ ಊರು ಮುಳುಗಿತು. ರಜೆಗೆ ಬಂದವನು ಮನೆ ಹುಡುಕಿಕೊಂಡು ಬಟ್ಟೆಮಲ್ಲಪ್ಪದ ಕಡೆಯ ಗುಡ್ಡಕ್ಕೆ ಹೋಗಬೇಕಾಯಿತು. ಅಪ್ಪ ಅಮ್ಮ ತಮ್ಮ ತಂಗಿಯರು ಸೋಗೆಯ ಗುಡಿಸಲಿನಲ್ಲಿದ್ದರು. ಅಲ್ಲಿಂದ ಮುಂದೆ ಪ್ರತಿ ರಜೆಯಲ್ಲೂ ಅವನು ಮಾಡಿದ್ದು ಒಂದೇ ಕೆಲಸ: ಕಲ್ಲು ಕಡಿಯುವುದು, ಗೋಡೆ ಏರಿಸುವುದು. ಜನ ರಜೆಗೆ ಬಂದು ಮಲಗುತ್ತಾರೆ, ಇವನು ರಜೆ ಮುಗಿಸಿ ಸೈನ್ಯಕ್ಕೆ ಹೋಗಿ ಸುಧಾರಿಸಿಕೊಳ್ಳುತ್ತಿದ್ದ. ನಿವೃತ್ತಿಯಾಗಿ ಬಂದಾಗ ರಿಪ್ಪನ್‌ಪೇಟೆಯ ಜಿನಪ್ಪ ಸಾಹುಕಾರರು ಕರೆದು ಬಸ್ಸು ಕೊಟ್ಟರು. ಸಾಗರದಿಂದ ಹೊರಟು ಹೊಸನಗರ, ರಿಪ್ಪನ್‌ಪೇಟೆ, ಕೋಣಂದೂರು ಸುತ್ತಿಕೊಂಡು ತೀರ್ಥಹಳ್ಳಿ. ಮಧ್ಯಾಹ್ನ ವಾಪಸ್ಸು. ಬಸ್ಸಿಗೊಂದು ಹೆಸರಿತ್ತು, ಬಣ್ಣ ಬಳಿದು ಬರೆಸಿದ್ದರು, ಆದರೆ ಜನರಿಗೆ ಅದು ಕೊನೆಯವರೆಗೂ ಮಿಲಿಟರಿ ಬಸ್ಸೇ.

ಟೈಮು ಎಂದರೆ ಅವನಿಗೆ ದೇವರು. ಸಾಹುಕಾರರ ಸ್ವಂತ ಅಳಿಯ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದಾಗ ಬಸ್ಸು ಬಿಟ್ಟುಕೊಂಡು ಬಂದ ಆಸಾಮಿ ಅವನು. ಓಡಿ ಬರುವವರನ್ನು ನೋಡಿ ನಾನು ಸೀಟಿ ಊದಿದರೂ ನಿಲ್ಲಿಸುತ್ತಿರಲಿಲ್ಲ. ಬೈಸಿಕೊಳ್ಳುವುದು ಮಾತ್ರ ನಾನು. ಅಂಥವನು ಒಂದೇ ಒಂದು ಕಾರಣಕ್ಕೆ ಬಸ್ಸು ನಿಲ್ಲಿಸಿ ಇಳಿದು ಹೋಗುತ್ತಿದ್ದ. ಸಾವಿನ ಸುದ್ದಿ ಮುಟ್ಟಿಸುವುದಕ್ಕೆ.

ಆಗ ಫೋನು ಎಲ್ಲಿತ್ತು? ತೀರ್ಥಹಳ್ಳಿಯಲ್ಲಿ ಯಾರಾದರೂ ಹೋದರೆ, ಹೊಸನಗರದ ಕಡೆಯ ನೆಂಟರಿಗೆ ಬಸ್ಸಿನವರೇ ಹೇಳಬೇಕು. ಬೇರೆ ಡ್ರೈವರುಗಳು ಕಿಟಕಿಯಿಂದ ಕೂಗಿ ಹೇಳಿ ಗೇರು ಹಾಕುತ್ತಿದ್ದರು. ಜಟ್ಟಿಂಗಪ್ಪ ಹಾಗಲ್ಲ. ಇಳಿದು, ಮನೆ ಹೊಕ್ಕು, ಮೊದಲು ಕೇಳುತ್ತಿದ್ದುದು ಊಟ ಆಯಿತೇ ಎಂದು. ಆಗಿಲ್ಲ ಎಂದರೆ ತನಗೂ ಹಸಿವು ಎಂದು ಹೇಳಿ ಅವರ ಜೊತೆ ಕೂತು, ಅವರು ಎರಡು ತುತ್ತು ಉಂಡ ಮೇಲೆ ಬಾಯಿ ಬಿಡುತ್ತಿದ್ದ. ಸುದ್ದಿ ಕೇಳಿದ ಮನೆಯಲ್ಲಿ ಹೆಣ ಸುಡುವವರೆಗೆ ಒಲೆ ಹಚ್ಚುವುದಿಲ್ಲ. ದೂರದ ಊರು, ನಡೆದು ಹೋಗುವವರು, ಅತ್ತು ಅತ್ತು ಬೀಳುವವರು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅಳುವುದಕ್ಕಾದರೂ ಶಕ್ತಿ ಇರುತ್ತದೆ ಎಂಬುದು ಅವನ ಲೆಕ್ಕ. ಅಪ್ಪ ಸತ್ತ ತಂತಿ ಅವನಿಗೆ ಸೈನ್ಯದಲ್ಲಿ ತಲುಪಿದಾಗ ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ರೈಲಿನಲ್ಲಿ ಊರು ಮುಟ್ಟುವವರೆಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲವಂತೆ. ಅವನು ಯುದ್ಧದ ಕತೆ ಒಂದನ್ನೂ ಹೇಳಿದವನಲ್ಲ, ಇದೊಂದನ್ನು ಮಾತ್ರ ಹೇಳಿದ್ದ.

ಬರಬರುತ್ತಾ ಜನಕ್ಕೆ ಈ ಗುಟ್ಟು ತಿಳಿದುಹೋಯಿತು. ಮಿಲಿಟರಿ ಜಟ್ಟಿಂಗಪ್ಪ ಮನೆ ಬಾಗಿಲಿಗೆ ಬಂದು ಊಟ ಆಯ್ತಾ ಎಂದರೆ ಸಾಕು, ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಆದರೂ ಅವನು ಕ್ರಮ ಬಿಡಲಿಲ್ಲ. ಅಳುತ್ತಲೇ ಉಣ್ಣಿ ಎನ್ನುತ್ತಿದ್ದ.

ಹೆಂಡತಿ ಮಾಸ್ತಮ್ಮ ಮೊದಲೇ ಹೋದಳು, ಪುಣ್ಯವಂತೆ. ಮಗಳು ಶರಾವತಿಯನ್ನು ತೀರ್ಥಹಳ್ಳಿಗೆ ಕೊಟ್ಟಿದ್ದ. ಮಗ ಉಮೇಶ್ ಅಪ್ಪನ ಹಾದಿಯನ್ನೇ ಹಿಡಿದು ಅದೇ ಲೈನಿನಲ್ಲಿ ಸಾಹುಕಾರರ ಬಸ್ಸು ಓಡಿಸುತ್ತಿದ್ದ. ಸೀದಾ ಮನುಷ್ಯ, ಅಪ್ಪನ ಗಡಸು ಅವನಿಗೆ ಬಂದಿರಲಿಲ್ಲ, ಓಡಿ ಬರುವವರಿಗೆ ನಿಲ್ಲಿಸುತ್ತಿದ್ದ. ದಿನಾ ಬೆಳಿಗ್ಗೆ ಅಪ್ಪನ ಮಂಚದ ಹತ್ತಿರ ಬಂದು "ಹೊರಟೆ ಅಪ್ಪಯ್ಯ" ಎನ್ನುವುದು, ಅಪ್ಪ "ಬ್ರೇಕ್ ನೋಡ್ಕ" ಎನ್ನುವುದು. ಅಪ್ಪ ಮಗನ ನಡುವೆ ದಿನಕ್ಕೆ ಅಷ್ಟೇ ಮಾತು, ಅಷ್ಟರಲ್ಲೇ ಎಲ್ಲ ಇತ್ತು. ಹೋದ ವರ್ಷ ಜಟ್ಟಿಂಗಪ್ಪ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದ. ಅಲ್ಲಿಂದ ಅವನ ಚಾಕರಿ ಎಲ್ಲ ಉಮೇಶನ ಹೆಂಡತಿ ವಿನಯಾಳದು. ಹೃದಯವೂ ಸೋತಿದೆ, ಆಘಾತವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಶಿವರಾತ್ರಿಯ ಹಿಂದಿನ ದಿನ ಉಮೇಶ್ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದವನು ಸೀಟಿನಿಂದ ಏಳಲಿಲ್ಲ. ಐವತ್ತೊಂದು ವರ್ಷ. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು.

ನಾವೆಲ್ಲ ಶರಾವತಿಯ ಮನೆಯಲ್ಲಿ ಸೇರಿದೆವು. ಹೆಣವನ್ನು ಊರಿಗೆ ಒಯ್ಯುವುದೇ, ಅಪ್ಪನಿಗೆ ಹೇಳುವುದೇ? ಶರಾವತಿ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಅಪ್ಪಯ್ಯಂಗೆ ಈಗ ಹೇಳದು ಬೇಡ. ಗಂಜಿ ಬಿಟ್ರೆ ಬೇರೆ ಇಳಿತಿಲ್ಲ ಅವ್ರಿಗೆ. ಖಾಲಿ ಹೊಟ್ಟೇಲಿ ಹೇಳಿದ್ರೆ ಅಲ್ಲೇ ಹೋಗ್ತಾರೆ. ಊರಿಗೆಲ್ಲ ಉಣ್ಸಿ ಹೇಳಿದ ಮನುಷ್ಯ ಕಣ್ರೋ. ಒಂದು ದಿನ ಸರಿಯಾಗಿ ಅನ್ನ ಉಣ್ಲಿ, ಆಮೇಲೆ ಹೇಳನ."

ಆ ಮಾತಿಗೆ ಯಾರೂ ಎದುರಾಡಲಿಲ್ಲ. ಎದುರಾಡಲು ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನೇ ಕಲಿಸಿದ ಕ್ರಮ. ಮಕ್ಕಳಿಲ್ಲದ ಉಮೇಶನಿಗೆ ಚಿಕ್ಕಪ್ಪನ ಮಗ ಬಾಲು ಬೆಂಕಿ ಕೊಟ್ಟ. ತುಂಗೆಯ ದಡದಲ್ಲಿ ಎಲ್ಲ ಮುಗಿಯಿತು. ಮಾರನೆಯ ದಿನ ವಿನಯಾ ಹಣೆಗೆ ಕುಂಕುಮ ಇಟ್ಟುಕೊಂಡು, ಕೈತುಂಬ ಬಳೆ ಹಾಕಿಕೊಂಡು, ಶರಾವತಿಯ ಜೊತೆ ಮಾವನ ಮನೆಗೆ ವಾಪಸ್ಸು ಬಂದಳು. ಮಾವನ ಮುಂದೆ ಬಳೆ, ಹಿಂದೆ ತಿರುಗಿದರೆ ಕಣ್ಣೀರು. ಅಳುವುದಿದ್ದರೆ ಹಿತ್ತಿಲಾಚೆ ಕೊಟ್ಟಿಗೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅಳಬೇಕು. ಇದಕ್ಕಿಂತ ಕ್ರೂರವಾದ ಶಿಕ್ಷೆಯನ್ನು ವೈರಿಗೂ ಯಾರೂ ಕೊಟ್ಟಿರಲಾರರು. ಕೊಟ್ಟವರು ನಾವು, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆವು.

"ಉಮೇಶ ಎಲ್ಲಿ?" ಎಂದು ಮುದುಕ ಕೇಳಿದ. ಶರಾವತಿ ಮೊದಲೇ ಯೋಚಿಸಿಟ್ಟಿದ್ದಳು. ಯಾತ್ರೆಯವರನ್ನು ಕರೆದುಕೊಂಡು ಕಾಶಿಗೆ ಟ್ರಿಪ್ ಹೋಗಿದ್ದಾನೆ, ಬೇರೆ ಡ್ರೈವರಿಗೆ ಹುಷಾರಿಲ್ಲದೆ ಸಾಹುಕಾರರ ಕಡೆಯವರು ಅವನನ್ನೇ ಕಳಿಸಿದರು ಎಂದಳು.

"ನಿನ್ನೆ ಬೆಳಿಗ್ಗೆ ಹೊರಟೆ ಅಂದ. ಕಾಶಿಗೆ ಅಂತ ಹೇಳ್ಲೇ ಇಲ್ವಲ್ಲ" ಎಂದ ಜಟ್ಟಿಂಗಪ್ಪ.

"ಆಮೇಲೆ ಗೊತ್ತಾಗಿದ್ದು ಅಪ್ಪಯ್ಯ."

"ಫೋನ್ ಮಾಡು."

"ಲೈನ್ ಸಿಗ್ತಾ ಇಲ್ಲ. ದಾರೀಲಿ ಸಿಗ್ನಲ್ ಇಲ್ಲ."

ಕಾಶಿಯ ದಾರಿಯುದ್ದಕ್ಕೂ ಸಿಗ್ನಲ್ ಇಲ್ಲವೆಂದರೆ ಯಾರು ನಂಬುತ್ತಾರೆ? ದೇಶದ ಉದ್ದಗಲ ಲಾರಿ ಓಡಿಸಿದ ಮನುಷ್ಯ ಅವನು. ನಂಬಲಿಲ್ಲ. ಅವನಿಗೆ ಅನಿಸಿದ್ದು ಬೇರೆಯೇ. ಹಾಸಿಗೆ ಹಿಡಿದ ಅಪ್ಪನ ಸೇವೆ ಸಾಕಾಗಿ ಮಗ ತಪ್ಪಿಸಿಕೊಂಡಿದ್ದಾನೆ, ಮನೆಯವರೆಲ್ಲ ಸೇರಿ ಅದನ್ನು ಮುಚ್ಚಿಡುತ್ತಿದ್ದಾರೆ ಎಂದುಕೊಂಡ. ಅಂದಿನಿಂದ ಗಂಜಿಯನ್ನೂ ಅರ್ಧ ಬಿಡತೊಡಗಿದ. ಅವನು ಬರಲಿ, ಆಮೇಲೆ ಉಣ್ಣುತ್ತೇನೆ ಎಂದ.

ಅಲ್ಲಿಗೆ ನಾವು ಸಿಕ್ಕಿಬಿದ್ದೆವು. ಅವನು ಉಂಡ ಮೇಲೆ ಹೇಳಬೇಕೆಂದು ನಾವು, ಮಗ ಬಂದ ಮೇಲೆ ಉಣ್ಣುತ್ತೇನೆಂದು ಅವನು. ನಾಲ್ಕು ದಿನ ಹೀಗೇ ಕಳೆದ ಮೇಲೆ ನನಗಂತೂ ರೇಗಿಹೋಯಿತು. ಇದು ಸಾಕು, ಏನಾದರಾಗಲಿ, ಇವತ್ತು ನಾನೇ ಉಣ್ಣಿಸಿ ಹೇಳುತ್ತೇನೆ ಎಂದು ಶರಾವತಿಗೆ ತಿಳಿಸಿ ಅವನ ಮಂಚದ ಪಕ್ಕ ಹೋಗಿ ಕೂತೆ. ವಿನಯಾ ಮೆತ್ತಗೆ ಅನ್ನ ಕಲಸಿ ತಂದಳು.

"ಜಟ್ಟಣ್ಣ, ನಾನೂ ಉಂಡಿಲ್ಲ ಮಾರಾಯ. ಇಬ್ರೂ ಎರಡು ತುತ್ತು ಉಣ್ಣನ" ಎಂದೆ.

ಅವನು ನನ್ನನ್ನು ದುರುಗುಟ್ಟಿ ನೋಡಿದ. ಅವನ ಮಾತನ್ನು ಅವನಿಗೇ ಹೇಳಿದ್ದೆ, ಬೇರೆ ಮಾತು ನನಗೆ ಹೊಳೆದಿರಲಿಲ್ಲ.

"ಯಾರು ಹೋದ್ರು?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಲ್ಲಿದ್ದ ಶರಾವತಿ ಹೇಳಿಯೇಬಿಟ್ಟಳು. "ಜಿನಪ್ಪ ಸಾಹುಕಾರ್ರು, ಅಪ್ಪಯ್ಯ."

ತೊಂಬತ್ತು ದಾಟಿದ ಮನುಷ್ಯ, ಇವತ್ತಲ್ಲ ನಾಳೆ ಹೋಗುವವರೇ, ನಾಲಿಗೆಗೆ ಸಿಕ್ಕಿದ ಹೆಸರು ಅದು. ಜಟ್ಟಿಂಗಪ್ಪ ಕಣ್ಣು ಮುಚ್ಚಿದ. ಅಷ್ಟು ವರ್ಷದಲ್ಲಿ ಅವನು ಅತ್ತಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ನೀರಲ್ಲಿ ಮನೆ ಕಳೆದುಕೊಂಡವನಿಗೆ ಅನ್ನ ಕೊಟ್ಟ ಧಣಿ ಎಂದು ಗೋಳಾಡಿದ. ಜೀವಂತ ಇರುವವರಿಗಾಗಿ ಅವನು ಅಳುತ್ತಿದ್ದ, ಸತ್ತವನ ಹೆಂಡತಿ ತಟ್ಟೆ ಹಿಡಿದುಕೊಂಡು ಅದನ್ನು ನೋಡುತ್ತಿದ್ದಳು. ತಟ್ಟೆಯನ್ನು ಅವನು ಮುಟ್ಟಲಿಲ್ಲ. ಹೆಣ ಸುಡುವವರೆಗೆ ಬೇಡ ಎಂದ. ಆಮೇಲೆ ಇದ್ದಕ್ಕಿದ್ದಂತೆ ತಲೆ ಎತ್ತಿದ.

"ನಂಗಂತೂ ಹೋಗಕ್ಕಾಗಲ್ಲ. ಉಮೇಶ ಹೋಗ್ಬೇಕು. ಎಲ್ಲಿದ್ರೂ ಬರಕ್ಕೆ ಹೇಳು. ಹೆಗಲು ಕೊಡ್ಬೇಕು ಅವ."

"ಅವಂಗೆ ಬರಕ್ಕಾಗಲ್ಲ ಅಪ್ಪಯ್ಯ, ದೂರ..."

"ಎಂತಾ ದೂರ? ಅಪ್ಪನ ಸಾವಿಗೆ ಪಂಜಾಬಿಂದ ಬಂದಿದೀನಿ ನಾನು!" ಅವನ ದನಿ ಬಸ್ಸಿನ ಕೊನೆಯ ಸೀಟಿಗೆ ಕೇಳುವಂತೆ ಏರಿತು. "ಉಪ್ಪು ತಿಂದ ಮನೆ ಸಾವಿಗೆ ಬರದವ, ಮಲಗಿದ ಅಪ್ಪನ್ನ ಬಿಟ್ಟು ಓಡಿದವ. ಅವ ಇದ್ರೆಷ್ಟು, ಸತ್ರೆಷ್ಟು? ನನ್ನ ಪಾಲಿಗೆ ಸತ್ತ ಅಂತ ತಿಳ್ಕಳಿ. ನನ್ನ ಹೆಣಕ್ಕೂ ಅವ ಬರದು ಬೇಡ!"

ವಿನಯಾ ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಮಾವನ ಬಾಯಿ ಒರೆಸಿ, ಹೊದಿಕೆ ಸರಿಮಾಡಿ ಹೊರಗೆ ಹೋದಳು. ಈಗಲೇ ಹೇಳಿಬಿಡೋಣ ಎಂದು ನಾನು ಶರಾವತಿಯನ್ನು ನೋಡಿದೆ. ಅವಳು ಕೈಮುಗಿದಳು. ಈ ಸಿಟ್ಟಿನಲ್ಲಿ ಹೇಳಿದರೆ ಎದೆ ಒಡೆದುಹೋಗುತ್ತದೆ ಹೂವಯ್ಯಣ್ಣ, ನಾಳೆ ಶಾಂತ ಆಗಲಿ ಎಂದಳು. ಅವಳ ಅಪ್ಪ, ಅವಳ ಮಾತು. ಮನೆಗೆ ಬಂದು ಹೆಂಡತಿಯ ಮೇಲೆ ಕಾರಣವಿಲ್ಲದೆ ಹಾರಾಡಿದೆ.

ಮಾರನೆಯ ದಿನ ಬೆಳಿಗ್ಗೆ ಮತ್ತೆ ಹೋಗಿ ಜಗುಲಿಯಲ್ಲಿ ಕೂತಿದ್ದೆ. ಅಂಗಳಕ್ಕೆ ಒಂದು ಕಾರು ಬಂತು. ಕಾರಿನಿಂದ ಭರತೇಶ್ ಇಳಿದ, ಸಾಹುಕಾರರ ಮಗ. ಆಚೆ ಬಾಗಿಲು ತೆಗೆದು ಅಪ್ಪನ ಕೈ ಹಿಡಿದು ಇಳಿಸಿದ. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಕೋಲು, ಜಿನಪ್ಪ ಸಾಹುಕಾರರು! ತಮ್ಮ ಡ್ರೈವರು ತೀರಿಹೋದ, ಹಳೆಯ ಡ್ರೈವರನ್ನು ಮಾತಾಡಿಸಿ ಸಮಾಧಾನ ಹೇಳಿ ಬರೋಣ ಎಂದು ಆ ವಯಸ್ಸಿನಲ್ಲಿ ಹೊರಟು ಬಂದಿದ್ದರು. ಅವರು ಬರಬಹುದು ಎಂದು ನಮ್ಮಲ್ಲಿ ಒಬ್ಬನಿಗಾದರೂ ಹೊಳೆದಿರಬಾರದೇ? ನಾನು ದಡಬಡಿಸಿ ಎದ್ದು, "ಒಳಗೆ ಬೇಡಿ ಸಾಹುಕಾರ್ರೇ, ಒಂದ್ನಿಮಿಷ" ಎನ್ನುವಷ್ಟರಲ್ಲಿ ಅವರು ಹೊಸ್ತಿಲು ದಾಟಿದ್ದರು. ಕಿವಿ ಕೇಳದ ಮನುಷ್ಯ. ಮಂಚ ಹೊಸ್ತಿಲಿನ ಎದುರಿಗೇ ಇತ್ತು.

ಜಟ್ಟಿಂಗಪ್ಪ ಅವರನ್ನು ನೋಡಿದ. ಬಹಳ ಹೊತ್ತು ನೋಡಿದ. ಹೆದರಲಿಲ್ಲ, ಕೂಗಲಿಲ್ಲ. ಅವರ ಕೋಲು, ಧೂಳು ಮೆತ್ತಿದ ಪಾದ ಎಲ್ಲ ನೋಡಿ, ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದ. ನಾನು, ಶರಾವತಿ, ಕೊನೆಗೆ ಒಳಬಾಗಿಲಿನಲ್ಲಿ ನಿಂತಿದ್ದ ವಿನಯಾ. ಅವಳ ಮುಖದ ಮೇಲೆ ಅವನ ಕಣ್ಣು ನಿಂತಿತು. ಸಾವಿನ ಮನೆಯ ಮುಖಗಳನ್ನು ಅಷ್ಟೊಂದು ಕಂಡ ಮನುಷ್ಯ, ಇಷ್ಟು ದಿನ ಮನೆಯೊಳಗಿನ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

"ಸಾಹುಕಾರ್ರೇ ಬಂದ್ರಾ. ಕೂತ್ಕಳಿ" ಎಂದ. ಆಮೇಲೆ, "ವಿನಯಾ, ಅನ್ನ ಬಡಿಸ್ಕಂಡು ಬಾ."

ಅವಳು ತಂದಳು. ನಾನು ಅವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ತುತ್ತು ಇಡಲು ಹೋದವಳನ್ನು ಬೇಡವೆಂದು ತಡೆದು ತಾನೇ ಕಲಸಿದ. ಒಂದೊಂದೇ ತುತ್ತು, ನೀರು ಕುಡಿದು ಕುಡಿದು ನುಂಗಿದ. ಭರತೇಶ್ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದ. ಒಬ್ಬ ಮನುಷ್ಯ ಉಣ್ಣುವುದನ್ನು ನೋಡುವುದು ಅಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡ.

"ಹೇಳು ಹೂವಯ್ಯ" ಎಂದ.

ಹೇಳಿದೆ.

ಅವನು ಅಳಲಿಲ್ಲ. ಗೋಡೆಯ ಕಡೆ ನೋಡುತ್ತಾ ಕೇಳಿದ. "ಪ್ಯಾಸೆಂಜರು?"

"ಎಲ್ಲ ಇಳಿದಿದ್ರು ಜಟ್ಟಣ್ಣ. ಗಾಡಿ ಸರಿಯಾಗಿ ನಿಲ್ಸಿ, ಬ್ರೇಕ್ ಹಾಕಿ, ಆಮೇಲೆ."

ಹೂಂ ಎಂದ. "ಬೆಂಕಿ ಯಾರು ಕೊಟ್ರು?"

"ಬಾಲು. ತುಂಗೆ ದಡದಲ್ಲೇ ಆಯ್ತು."

"ನಂಗೆ ಮುಖ ತೋರಿಸ್ಬೋದಿತ್ತು" ಎಂದ, ಬೈಯುವವನಂತೆ ಅಲ್ಲ, ಯಾರಿಗೋ ಏನೋ ಕೇಳುವವನಂತೆ. ಶರಾವತಿ ಅವನ ಕಾಲ ಮೇಲೆ ಬಿದ್ದು ಹೋ ಎಂದು ಅತ್ತಳು. ಅವಳ ತಲೆಯ ಮೇಲೆ ಕೈ ಇಟ್ಟ. ಸಾಹುಕಾರರು ಏನೂ ಅರ್ಥವಾಗದೆ ಮಗನ ಮುಖ ನೋಡುತ್ತಿದ್ದರು. ಇದೇ ದುಃಖ, ಇಷ್ಟೇ ದುಃಖ ಎಂದು ನಾನು ಒಳಗೊಳಗೇ ನಿಟ್ಟುಸಿರು ಬಿಟ್ಟೆ. ಅಂತೂ ಹೇಳಿ ಆಯಿತು, ಎದೆ ಒಡೆಯಲಿಲ್ಲ, ಬದುಕಿದೆವು ಎಂದುಕೊಂಡೆ. ಅಷ್ಟರಲ್ಲಿ ಅವನ ಮುಖ ಬದಲಾಯಿತು. ಅವನಿಗೆ ಹಿಂದಿನ ದಿನ ನೆನಪಾಯಿತು.

"ನಿನ್ನೆ ನಾನು ಅಂದ್ನಲ್ಲ" ಎಂದ. "ಹಂಗೆ ಅನ್ನೋವಾಗ ಅವ ಬೂದಿ ಆಗಿದ್ದ."

ವಿನಯಾ ತಟ್ಟೆ ಎತ್ತಿಕೊಳ್ಳಲು ಬಗ್ಗಿದ್ದಳು. ಹಾಗೇ ಬಗ್ಗಿಕೊಂಡೇ ಹೇಳಿದಳು, "ಹೋಗ್ಲಿ ಬಿಡಿ ಮಾವ. ನೀವು ಗೊತ್ತಿಲ್ದೆ ಅಂದಿದ್ದು. ಅವ್ರಿಗೆ ಕೇಳ್ಲಿಲ್ವಲ್ಲ."

"ಅವಂಗೆ ಕೇಳ್ಲಿಲ್ಲ" ಎಂದ ಜಟ್ಟಿಂಗಪ್ಪ. "ನಿಂಗೆ ಕೇಳ್ತು."

ಅವಳು ತಟ್ಟೆ ಹಿಡಿದುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಅವಳು ಬಾಯಿಬಿಟ್ಟು ಅತ್ತಿದ್ದು ಕೇಳಿಸಿತು. ಆ ಮನೆಯೊಳಗೆ ಅವಳು ದನಿ ತೆಗೆದು ಅತ್ತಿದ್ದು ಅದೇ ಮೊದಲು. ಶರಾವತಿ ಎದ್ದು ಹೋಗಲು ನೋಡಿದಳು, ಜಟ್ಟಿಂಗಪ್ಪ ಅವಳ ಕೈ ಹಿಡಿದು ತಡೆದ. ಕಣ್ಣು ಬಿಟ್ಟುಕೊಂಡು ಆ ಅಳುವನ್ನು ಪೂರ್ತಿ ಕೇಳಿದ.

ಅವನು ಮತ್ತೆ ಮಳೆಗಾಲದವರೆಗೆ ಬದುಕಿದ್ದ. ಡಾಕ್ಟರಿಗೇ ಆಶ್ಚರ್ಯ. ಸೈನ್ಯದಲ್ಲಿ ಆಜ್ಞೆ ಪಡೆದವನಂತೆ ಹೊತ್ತು ಹೊತ್ತಿಗೆ ಉಂಡ, ಔಷಧಿ ಕುಡಿದ, ಯಾವುದಕ್ಕೂ ಹಟ ಮಾಡಲಿಲ್ಲ. ನಾನು ಹೋದರೆ ಬಸ್ಸಿನ ಹಳೆಯ ಮಾತು ಒಂದೆರಡು ಆಡುತ್ತಿದ್ದ. ವಿನಯಾ ಒಳಗೆ ಬಂದರೆ ಮಾತ್ರ ಕಣ್ಣು ಮುಚ್ಚಿಬಿಡುತ್ತಿದ್ದ. ಅವಳು ಮೈ ಒರೆಸಿದರೂ, ಮಗ್ಗುಲು ತಿರುಗಿಸಿದರೂ, ತುತ್ತು ಇಟ್ಟರೂ ಕಣ್ಣು ಮುಚ್ಚಿಕೊಂಡೇ. ಏನಾದರೂ ಬೇಕಾದರೆ ನನ್ನ ಹತ್ತಿರ ಹೇಳಿಸುತ್ತಿದ್ದ. ಅವಳ ಬರಿಗೈ, ಬರಿಯ ಹಣೆ ನೋಡಲಾರದೆ ಎಂದು ಊರಿನವರು ಅಂದುಕೊಂಡರು. ಅದಲ್ಲ. ಹಾಗೆ ಅಂದ ಬಾಯನ್ನು ಅವಳ ಮುಂದೆ ಮತ್ತೆ ತೆರೆಯುವ ಧೈರ್ಯ ಅವನಿಗೆ ಇರಲಿಲ್ಲ. ಗುಂಡಿಗೆ ಎದೆ ಕೊಟ್ಟ ಮನುಷ್ಯ, ಗಂಜಿ ತರುವ ಹೆಂಗಸಿಗೆ ಹೆದರಿ ಸತ್ತ.

ಅವನ ಕಾರ್ಯ ಮುಗಿದ ಸಂಜೆ ವಿನಯಾ ನನ್ನನ್ನು ಜಗುಲಿಯ ತುದಿಗೆ ಕರೆದಳು.

"ಹೂವಯ್ಯಣ್ಣ, ಕೊನೇವರೆಗೂ ಒಂದು ಮಾತೂ ಆಡ್ಲಿಲ್ಲ ಮಾವ. ಬಳೆ ಹಾಕ್ಕಂಡು ಮೋಸ ಮಾಡಿದ್ಲು ಅಂತ ಸಿಟ್ಟಿತ್ತಾ ನನ್ನ ಮೇಲೆ?"

ಸಿಟ್ಟಲ್ಲ ತಂಗಿ, ನಾಚಿಕೆ, ನಿನ್ನ ಮುಂದೆ ಮುಖ ಎತ್ತಲು ನಾಚಿಕೆ ಎಂದೆ. ಎರಡು ಸಲ ಹೇಳಿದೆ, ಆಣೆ ಇಟ್ಟು ಹೇಳಿದೆ. ಅವಳು ಹೂಂಗುಟ್ಟುತ್ತಾ ಕೇಳಿದಳು.

"ನೀವು ಸಮಾಧಾನಕ್ಕೆ ಹೇಳ್ತೀರಿ" ಎಂದು ಒಳಗೆ ಹೋದಳು.